ಗಾಯ ಯುದ್ಧದ್ದು, ರೋಗಾಣು ಆಸ್ಪತ್ರೆಯದು

ಗಾಯದ ಮೇಲೆ ಹತ್ತಿಕಡ್ಡಿ ಸವರಿ ಕಳಿಸುವ ಸ್ಯಾಂಪಲ್ ಅಂದ್ರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದರಲ್ಲಿ ಏನಾದರೂ ಬೆಳೆದೇ ಬೆಳೆಯುತ್ತದೆ. ಚರ್ಮದ ಮೇಲಿನದ್ದು, ಬ್ಯಾಂಡೇಜಿನದ್ದು, ಡ್ರೆಸ್ಸಿಂಗ್ ಮಾಡಿದವರ ಕೈಯದ್ದು, ಎಲ್ಲ ಒಟ್ಟಿಗೆ ಬರುತ್ತದೆ. ಬೆಳೆದಿದ್ದಕ್ಕೆಲ್ಲ ಹೆಸರು ಬರೆದು ರಿಪೋರ್ಟ್ ಕೊಟ್ಟರೆ, ಓದಿದ ಡಾಕ್ಟರು ಅಷ್ಟಕ್ಕೂ ಔಷಧ ಶುರು ಮಾಡುತ್ತಾರೆ. ಹಾಗಾಗಿ ಸೇನಾ ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ಗೆ ಬಂದ ಹೊಸತರಲ್ಲೇ ಸರ್ಜನ್‌ಗಳಿಗೆ ಒಂದು ಮಾತು ಹೇಳಿಟ್ಟಿದ್ದೆ. ಥಿಯೇಟರ್‌ನಲ್ಲಿ ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ ತೆಗೆದ ಮೇಲೆ, ಆಳದಿಂದ ಮಾಂಸದ ಚೂರು ಕೊಡಿ. ಸಾಧ್ಯವಾದರೆ ಮೂಳೆಯ ಚೂರನ್ನೂ ಕೊಡಿ. ಬೇರೆ ಬೇರೆ ಜಾಗದ್ದು ಬೇರೆ ಬೇರೆ ಡಬ್ಬಿಯಲ್ಲಿ ಬರಲಿ. ಒಂದೇ ರೋಗಾಣು ಹಲವು ಡಬ್ಬಿಯಲ್ಲಿ ಸಿಕ್ಕರೆ ತಂಟೆ ಮಾಡುತ್ತಿರುವುದು ಅದೇ. ಒಂದರಲ್ಲಿ ಮಾತ್ರ ಸಿಕ್ಕರೆ ಸುಮ್ನೆ ದಾರಿಯಲ್ಲಿ ಸೇರಿಕೊಂಡದ್ದೂ ಇರಬಹುದು.

ಈ ಹುಡುಗನ ಡಬ್ಬಿಗಳು ಹಾಗೆ ಸರಿಯಾಗಿಯೇ ಬಂದಿದ್ದವು. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ. ಗಡ್ಡ ಕೂಡ ಸರಿಯಾಗಿ ಬಲಿತಿರಲಿಲ್ಲ. ನೆಲಬಾಂಬ್ ಸಿಡಿದು ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಪುಡಿಯಾಗಿತ್ತು. ಆ ಮೂಳೆ ಮುಚ್ಚುವಷ್ಟು ಮಾಂಸವೂ ಚರ್ಮವೂ ಉಳಿದಿರಲಿಲ್ಲ. ಗಾಯ ತೆರೆದುಕೊಂಡ ಮೂಳೆಮುರಿತದ ತೀವ್ರತೆ ಅಳೆಯುವ ಸರ್ಜನ್‌ಗಳ ಲೆಕ್ಕದಲ್ಲಿ ಇದು ಗಸ್ಟಿಲೊ 3ಬಿ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅವನು ಮುಂಚೂಣಿಯ ಚಿಕಿತ್ಸಾ ಠಾಣೆ ಮತ್ತು ಇನ್ನೊಂದು ಆಸ್ಪತ್ರೆ ದಾಟಿ ಬಂದಿದ್ದ. ಮೂಳೆ ಅಲುಗದ ಹಾಗೆ ಹೊರಗಿನಿಂದ ಕಬ್ಬಿಣದ ಚೌಕಟ್ಟು ಹಾಕಿದ್ದರು.

ಡಬ್ಬಿಗಳ ಜೊತೆ ಬರುವ ಫಾರ್ಮ್‌ನಲ್ಲಿ ನಾನು ಮೊದಲು ಹುಡುಕುವುದು ಎರಡೇ ವಿಷಯ. ಗಾಯ ಆಗಿ ಎಷ್ಟು ದಿನ ಆಯ್ತು, ಈಗ ಯಾವ ಆ್ಯಂಟಿಬಯೋಟಿಕ್ ನಡೀತಿದೆ. ವಾರ ದಾಟಿತ್ತು. ಮೆರೊಪೆನೆಮ್ ನಡೆಯುತ್ತಲೇ ಇತ್ತು. ಆದರೂ ಜ್ವರ ಇಳಿದಿಲ್ಲ, ಕೀವು ನಿಂತಿಲ್ಲ. ಇಷ್ಟು ಓದಿದರೆ ರೋಗಾಣು ಬೆಳೆಸುವ ಪ್ಲೇಟಿನಲ್ಲಿ ಏನು ಕಾಣಬಹುದು ಅಂತ ಅರ್ಧ ಗೊತ್ತಾಗುತ್ತದೆ.

ಮೈನ್, ಅಂದರೆ ನೆಲಬಾಂಬಿನ ಗಾಯ ಗುಂಡೇಟಿನ ಥರ ಅಲ್ಲ. ಸ್ಫೋಟದ ರಭಸಕ್ಕೆ ಮಣ್ಣು, ಕಲ್ಲಿನ ಚೂರು, ಬೂಟಿನ ರಬ್ಬರ್, ಬಟ್ಟೆ ಎಲ್ಲ ಕೆಳಗಿಂದ ಮೇಲಕ್ಕೆ ಸ್ನಾಯುಗಳ ಸಂದಿಯಲ್ಲಿ ನುಗ್ಗಿ ಕೂರುತ್ತವೆ. ಹೊರಗೆ ಕಾಣುವುದಕ್ಕಿಂತ ಒಳಗಿನ ಹಾನಿಯೇ ಜಾಸ್ತಿ. ಒಂದು ಡಬ್ಬಿಯಲ್ಲಿ ಮಾಂಸದ ಚೂರಿಗೆ ಸಮವಸ್ತ್ರದ ಒಂದೆಳೆ ದಾರ ಅಂಟಿಕೊಂಡಿತ್ತು. ಅಷ್ಟು ಸಲ ತೊಳೆದ ಮೇಲೂ! ಚಿಮುಟದಲ್ಲಿ ಎತ್ತಿ ನೋಡಿದೆ, ಬಣ್ಣ ಪೂರ್ತಿ ಹೋಗಿರಲಿಲ್ಲ. ಅಂಥ ದಾರದ ಸುತ್ತ, ಸತ್ತ ಮಾಂಸದ ನಡುವೆ ಕೂತ ರೋಗಾಣುವನ್ನು ಆ್ಯಂಟಿಬಯೋಟಿಕ್ ಮುಟ್ಟುವುದಾದರೂ ಹೇಗೆ? ಔಷಧ ಹೋಗಬೇಕಾದದ್ದು ರಕ್ತದ ಮೂಲಕ. ರಕ್ತವೇ ಹರಿಯದ ಕಡೆ ಎಷ್ಟು ದುಬಾರಿ ಔಷಧ ಕೊಟ್ಟರೂ ಅಷ್ಟೇ.

ಇದನ್ನು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟವರು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ ಅವರ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಅದಕ್ಕೂ ಮೊದಲು, ಮೊದಲನೇ ಮಹಾಯುದ್ಧದ ಕಾಲದಲ್ಲಿ, ಅವರು ಫ್ರಾನ್ಸಿನ ಬೊಲೋನ್‌ನಲ್ಲಿ ರೋಗಾಣು ತಜ್ಞ ಆಲ್ಮ್ರಾತ್ ರೈಟ್ ಅವರ ಕೈಕೆಳಗೆ ಸೈನಿಕರ ಗಾಯಗಳನ್ನು ಪರೀಕ್ಷೆ ಮಾಡುತ್ತಿದ್ದರು. ಗಾಜಿನ ಕೊಳವೆಯೊಂದನ್ನು ಕಾಯಿಸಿ, ಅದರ ಗೋಡೆಯಿಂದ ಮುಳ್ಳಿನಂಥ ಟೊಳ್ಳು ಮೊನೆಗಳನ್ನು ಹೊರಕ್ಕೆ ಎಳೆದರು. ಅದು ಅವರ ಕೃತಕ ಗಾಯ. ಅದರಲ್ಲಿ ರೋಗಾಣು ಇರುವ ದ್ರವ ತುಂಬಿಸಿ ಚೆಲ್ಲಿದರು. ಆಮೇಲೆ ಕ್ರಿಮಿನಾಶಕ ತುಂಬಿಸಿ ಅದನ್ನೂ ಚೆಲ್ಲಿದರು. ಮತ್ತೆ ಹೊಸ ದ್ರವ ಹಾಕಿಟ್ಟರೆ ಅದರಲ್ಲಿ ರೋಗಾಣು ಮತ್ತೆ ಬೆಳೆದಿತ್ತು. ಮೊನೆಗಳ ಒಳಗೆ ಉಳಿದುಕೊಂಡಿದ್ದವೇ ಸಾಕಾಗಿತ್ತು. ಕ್ರಿಮಿನಾಶಕ ಸಂದಿಗೆ ಇಳಿಯುವುದಿಲ್ಲ, ಇಳಿದ ಕಡೆ ದೇಹದ ಬಿಳಿ ರಕ್ತಕಣಗಳನ್ನೇ ಸಾಯಿಸುತ್ತದೆ ಅನ್ನುವುದು ಅವರ ವಾದವಾಗಿತ್ತು. ಈಗಿನ ಸರ್ಜನ್‌ಗಳು ಮತ್ತೆ ಮತ್ತೆ ಗಾಯ ಬಿಚ್ಚಿ ಸತ್ತದ್ದನ್ನು ಕತ್ತರಿಸುತ್ತಾರಲ್ಲ, ಅದೂ ಆ ಮೊನೆಗಳನ್ನು ಇಲ್ಲವಾಗಿಸುವ ಕೆಲಸವೇ.

ಮಾಂಸದ ಚೂರನ್ನು ಅರೆದು ಮೊದಲು ಒಂದು ಸ್ಲೈಡ್ ಮಾಡಿದೆವು. ರೋಗಾಣುಗಳನ್ನು ನೇರಳೆ (ಪಾಸಿಟಿವ್), ಗುಲಾಬಿ (ನೆಗೆಟಿವ್) ಅಂತ ವಿಂಗಡಿಸುವ ಈ ಬಣ್ಣದ ಪರೀಕ್ಷೆ, ಗ್ರಾಂ ಸ್ಟೇನ್, ಹಳೇ ಕಾಲದ್ದು, ಆದರೆ ಒಂದು ಗಂಟೆಯೊಳಗೆ ಏನಾದರೂ ಹೇಳುವ ಪರೀಕ್ಷೆ ನಮ್ಮಲ್ಲಿ ಇವತ್ತಿಗೂ ಅದೊಂದೇ. ಸೂಕ್ಷ್ಮದರ್ಶಕದಲ್ಲಿ ರಾಶಿ ಕೀವಿನ ಕಣ, ಅವುಗಳ ನಡುವೆ ಗುಂಡಗೂ ಅಲ್ಲದ ಉದ್ದಕ್ಕೂ ಅಲ್ಲದ ಜೋಡಿ ಜೋಡಿ ಚುಕ್ಕೆ. ಬಣ್ಣ ಮಾತ್ರ ಗೊಂದಲ. ಕೆಲವು ಗುಲಾಬಿ, ಕೆಲವು ನೇರಳೆ. ನನ್ನ ಜೊತೆಗಿದ್ದ ಟೆಕ್ನೀಷಿಯನ್ ಹುಡುಗಿ, "ಮೇಡಂ, ಗ್ರಾಂ ಪಾಸಿಟಿವ್ ಅಲ್ವಾ ಇದು?" ಅಂದಳು. ಅವಳ ತಪ್ಪಲ್ಲ. ಅಸಿನೆಟೋಬ್ಯಾಕ್ಟರ್ ಅನ್ನುವ ಗ್ರಾಂ ನೆಗೆಟಿವ್ ರೋಗಾಣುವಿಗೆ ಈ ಚಾಳಿ ಇದೆ. ನೇರಳೆ ಬಣ್ಣ ತೊಳೆದರೂ ಪೂರ್ತಿ ಬಿಡುವುದಿಲ್ಲ, ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. "ನಾಳೆ ಪ್ಲೇಟ್ ನೋಡಿ ಮಾತಾಡೋಣ" ಅಂದೆ. ಸರ್ಜನ್‌ಗೆ ಫೋನ್ ಮಾಡಿ ಇಷ್ಟೇ ತಿಳಿಸಿದೆ: ಕೀವು ಜಾಸ್ತಿ ಇದೆ, ರೋಗಾಣುವೂ ಕಾಣುತ್ತಿದೆ, ಅಸಿನೆಟೋಬ್ಯಾಕ್ಟರ್ ಇರಬಹುದು, ಕೋಣೆ ಬೇರೆ ಮಾಡಿ.

ಶಿಲೀಂಧ್ರಕ್ಕೂ ಒಂದು ಪ್ಲೇಟ್ ಹಾಕಿದ್ದೆವು. ಮಣ್ಣು ತುಂಬಿದ ಸ್ಫೋಟದ ಗಾಯದಲ್ಲಿ ಅದನ್ನು ಮರೆಯುವ ಹಾಗಿಲ್ಲ. ಅಫ್ಘಾನಿಸ್ತಾನದಲ್ಲಿ ಕಾಲ್ನಡಿಗೆಯಲ್ಲಿ ಹೋಗುವಾಗ ಬಾಂಬ್‌ಗೆ ಸಿಕ್ಕ ಸೈನಿಕರಲ್ಲಿ ಮ್ಯೂಕರ್ ಜಾತಿಯ ಬೂಷ್ಟು ಕಾಲುಗಳನ್ನೇ ತಿಂದುಹಾಕಿತ್ತು. ಈ ಹುಡುಗನಿಗೆ ಅದು ಇರಲಿಲ್ಲ.

ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯುವಾಗ ವಾಸನೆಯೇ ಮೊದಲು ಬರುತ್ತದೆ. ಆವತ್ತು ಹಣ್ಣಾದ ದ್ರಾಕ್ಷಿಯ ಥರ ಸಿಹಿ ವಾಸನೆ ಸಣ್ಣಗೆ ಇತ್ತು. ಅದು ಸೂಡೊಮೊನಾಸ್ ಅನ್ನುವ ಇನ್ನೊಂದು ರೋಗಾಣು. ಹುಡುಕಿದರೆ ಒಂದೇ ಒಂದು ಡಬ್ಬಿಯ ಪ್ಲೇಟಿನಲ್ಲಿ, ಮೂಲೆಯಲ್ಲಿ ಬೆರಳೆಣಿಕೆಯ ಹಸಿರು ಛಾಯೆಯ ಕಾಲನಿ, ಅಂದರೆ ರೋಗಾಣುಗಳ ಗುಂಪು. ಉಳಿದಂತೆ ಎಲ್ಲ ಡಬ್ಬಿಯ ಪ್ಲೇಟುಗಳಲ್ಲೂ ಒಂದೇ ನೋಟ. ಮ್ಯಾಕ್‌ಕಾಂಕಿ ಪ್ಲೇಟಿನ ಮೇಲೆ ನಯವಾದ, ಉಬ್ಬಿದ, ತಿಳಿ ಗುಲಾಬಿ ಕಾಲನಿಗಳು. ಆಕ್ಸಿಡೇಸ್ ಪರೀಕ್ಷೆ ನೆಗೆಟಿವ್. ಯಂತ್ರಕ್ಕೆ ಕೊಟ್ಟಾಗ ಹೆಸರು ಖಚಿತವಾಯಿತು: ಅಸಿನೆಟೋಬ್ಯಾಕ್ಟರ್ ಬೌಮಾನಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿ ಮಾಡಿದಾಗ, ಮೆರೊಪೆನೆಮ್ ಬಳಗಕ್ಕೆ ಬಗ್ಗದ ಅಸಿನೆಟೋಬ್ಯಾಕ್ಟರ್‌ಗೆ ಅತಿ ಗಂಭೀರ ಗುಂಪಿನಲ್ಲೇ ಜಾಗ ಕೊಟ್ಟಿತ್ತು. 2024ರ ಪಟ್ಟಿಯಲ್ಲೂ ಅದು ಅಲ್ಲಿಂದ ಇಳಿಯಲಿಲ್ಲ.

ಹೆಸರು ಗೊತ್ತಾದರೆ ಅರ್ಧ ಕೆಲಸ. ಯಾವ ಔಷಧಕ್ಕೆ ಸಾಯುತ್ತದೆ ಅನ್ನುವುದಕ್ಕೆ ಇನ್ನೊಂದು ರಾತ್ರಿ ಬೇಕು. ಕಾಲನಿಯನ್ನು ಸಲೈನ್‌ನಲ್ಲಿ ಕಲಸಿ, ಮಬ್ಬು ಸರಿಯಾದ ಮಟ್ಟಕ್ಕೆ ಬಂತಾ ಅಂತ ನೋಡಿ, ದೊಡ್ಡ ಪ್ಲೇಟಿನ ತುಂಬ ಒಂದೇ ಸಮ ಸವರಬೇಕು. ಅದರ ಮೇಲೆ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳು. ಒಂದೊಂದೂ 6 ಮಿಲಿಮೀಟರ್ ಅಗಲ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಮೂಡುತ್ತದೆ. ಸ್ಕೇಲ್ ಹಿಡಿದು ಆ ವೃತ್ತ ಅಳೆಯುವುದೇ ನಮ್ಮ ಕೆಲಸ.

ಈ ಪ್ಲೇಟಿನಲ್ಲಿ ಅಳೆಯಲು ಹೆಚ್ಚೇನೂ ಇರಲಿಲ್ಲ. ಸೆಫ್ಟಾಜಿಡಿಮ್, ಸೆಫೆಪಿಮ್, ಪಿಪರಾಸಿಲಿನ್-ಟಾಜೊಬ್ಯಾಕ್ಟಮ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಸಿನ್, ಇಮಿಪೆನೆಮ್, ಎಲ್ಲದಕ್ಕೂ ಬೆಳವಣಿಗೆ ಬಿಲ್ಲೆಯ ಅಂಚಿಗೇ ಬಂದು ನಿಂತಿತ್ತು. ವಾರದಿಂದ ಹುಡುಗನ ನರಕ್ಕೆ ಹೋಗುತ್ತಿದ್ದ ಮೆರೊಪೆನೆಮ್‌ನ ಬಿಲ್ಲೆಯನ್ನಂತೂ ಅದು ತಬ್ಬಿಕೊಂಡಿತ್ತು. ಫಾರ್ಮ್‌ನಲ್ಲಿ ಬರೆಯುವ ಸಂಖ್ಯೆ 6, ಅಂದರೆ ಬಿಲ್ಲೆಯ ಅಗಲವೇ ಹೊರತು ಬೇರೇನೂ ಇಲ್ಲ. ಮಿನೊಸೈಕ್ಲಿನ್ ಒಂದರ ಸುತ್ತ ಮಾತ್ರ ಚೊಕ್ಕ ವೃತ್ತ. ಸುತ್ತಲಿನ ದಟ್ಟ ಬೆಳವಣಿಗೆ ನಡುವೆ ಅದೊಂದು ಎದ್ದು ಕಾಣುತ್ತಿತ್ತು.

ಕೊಲಿಸ್ಟಿನ್ ಅನ್ನುವ ಹಳೇ ಔಷಧದ ಕತೆ ಬೇರೆ. ಅದನ್ನು ಬಿಲ್ಲೆಯಲ್ಲಿ ನೋಡಲಾಗುವುದಿಲ್ಲ. ಅಣು ದೊಡ್ಡದು, ಪ್ಲೇಟಿನ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ವೃತ್ತ ಕಂಡರೂ ನಂಬುವ ಹಾಗಿಲ್ಲ. ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಔಷಧವನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳು ಮಾಡುತ್ತಾ ಹೋಗಿ, ರೋಗಾಣು ಹಾಕಿ, ಯಾವ ಗುಳಿಯಿಂದ ಬೆಳವಣಿಗೆ ನಿಂತಿದೆ ಅಂತ ನೋಡಬೇಕು. ಕಪ್ಪು ಹಿನ್ನೆಲೆಯ ಮೇಲೆ ತಟ್ಟೆ ಹಿಡಿದರೆ ಬೆಳೆದ ಗುಳಿಯ ತಳದಲ್ಲಿ ಬಿಳಿ ಗುಂಡಿ ಕಾಣುತ್ತದೆ. ನಮ್ಮದರಲ್ಲಿ 1 ಮೈಕ್ರೋಗ್ರಾಂ ಗುಳಿಯಿಂದ ಮುಂದೆ ತಳ ಖಾಲಿ ಇತ್ತು. ಖುಷಿಪಡುವಂಥದ್ದೇ, ಆದರೆ ರಿಪೋರ್ಟಿನಲ್ಲಿ 'ಸೆನ್ಸಿಟಿವ್' (ಔಷಧಕ್ಕೆ ಬಗ್ಗುತ್ತದೆ) ಅಂತ ಬರೆಯುವ ಹಾಗಿಲ್ಲ. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹೇಳುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ 2020ರಲ್ಲಿ ಆ ಖಾನೆಯನ್ನೇ ತೆಗೆದುಹಾಕಿತು. 2ರವರೆಗೆ 'ಇಂಟರ್ಮೀಡಿಯೆಟ್', 4 ಮತ್ತು ಅದಕ್ಕೂ ಮೇಲೆ 'ರೆಸಿಸ್ಟೆಂಟ್', ಅಷ್ಟೇ. ರೋಗಾಣುವನ್ನು ಕೊಲ್ಲುವ ಪ್ರಮಾಣಕ್ಕೂ ಕಿಡ್ನಿ ಕೆಡಿಸುವ ಪ್ರಮಾಣಕ್ಕೂ ನಡುವೆ ಅಂತರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಿಡ್ನಿಗೆ ತೊಂದರೆ ಅಂತಲೇ 1970ರ ದಶಕದಲ್ಲಿ ಡಾಕ್ಟರುಗಳು ಕೊಲಿಸ್ಟಿನ್ ಬಿಟ್ಟಿದ್ದರು. ಬೇರೆ ಯಾವುದೂ ನಾಟದೇ ಹೋದಾಗ ಮತ್ತೆ ಕಪಾಟಿನಿಂದ ತೆಗೆದರು.

ರಿಪೋರ್ಟ್ ಕಳಿಸಿ ಸುಮ್ಮನಾಗುವ ಕೇಸ್ ಇದಲ್ಲ. ನಾನೇ ಸರ್ಜನ್‌ಗೆ ಫೋನ್ ಮಾಡಿದೆ.

"ಏನು ಬಂತು ಮೇಡಂ?"

"ಅಸಿನೆಟೋಬ್ಯಾಕ್ಟರ್ ಸರ್, ಎಲ್ಲ ಡಬ್ಬಿಯಲ್ಲೂ ಇದೆ. ಮೆರೊಪೆನೆಮ್ ಇವತ್ತೇ ನಿಲ್ಲಿಸಿಬಿಡಿ. ಅದರಿಂದ ಏನೂ ಉಪಯೋಗ ಆಗ್ತಿಲ್ಲ."

"ಸೂಡೊಮೊನಾಸ್ ಕೂಡ ಇದೆಯಂತಲ್ಲ? ಅದಕ್ಕೂ ಏನಾದ್ರೂ ಸೇರಿಸೋಣ್ವಾ?"

"ಒಂದೇ ಡಬ್ಬಿಯಲ್ಲಿದೆ, ಅದೂ ಮೂಲೆಯಲ್ಲಿ ಸ್ವಲ್ಪ. ಸದ್ಯಕ್ಕೆ ಬೇಡ ಸರ್. ಮುಂದಿನ ಸಲ ಗಾಯ ಬಿಚ್ಚಿದಾಗ ಮತ್ತೆ ಚೂರು ಕಳಿಸಿ, ಆಗಲೂ ಬಂದರೆ ನೋಡೋಣ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನಾಳೆನೇ ಬಿಚ್ತೀನಿ. ಮೂಳೆ ಇನ್ನೂ ಒಂದಷ್ಟು ಹೋಗುತ್ತೆ ಅಂತ ಕಾಣುತ್ತೆ" ಅಂದರು. ಅವರ ಈ ಗುಣ ನನಗೆ ಇಷ್ಟ. ಕೆಲವು ಸರ್ಜನ್‌ಗಳು ರಿಪೋರ್ಟಿನಲ್ಲಿ 'ಎಸ್', ಅಂದರೆ 'ಸೆನ್ಸಿಟಿವ್', ಕಂಡ ತಕ್ಷಣ ಕತ್ತಿ ಕೆಳಗಿಟ್ಟು ಡ್ರಿಪ್ ಕಡೆ ನೋಡುತ್ತಾರೆ. ಅಸಿನೆಟೋಬ್ಯಾಕ್ಟರ್ ಕಬ್ಬಿಣದ ಪಿನ್ನಿನ ಮೇಲೆ, ಸತ್ತ ಮೂಳೆಯ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ನಮ್ಮ ಪ್ಲೇಟಿನಲ್ಲಿ ಸಾಯುವುದು ಆ ಪದರದಲ್ಲಿ ಸಾಯುವುದಿಲ್ಲ. ನನ್ನನ್ನು ಕೇಳಿದರೆ ಈ ಕಾಲಿಗೆ ಮುಕ್ಕಾಲು ಪಾಲು ಚಿಕಿತ್ಸೆ ಕೊಟ್ಟದ್ದು ಕತ್ತಿ, ಉಳಿದ ಕಾಲು ಪಾಲು ಔಷಧ.

ಆ ಕಾಲು ಪಾಲೂ ಸಲೀಸಾಗಿ ಆಗಲಿಲ್ಲ. ಶುರುವಿಗೆ ಜಾಸ್ತಿ ಡೋಸಿನ ಆ್ಯಂಪಿಸಿಲಿನ್-ಸಲ್ಬ್ಯಾಕ್ಟಮ್, ಜೊತೆಗೆ ಕೊಲಿಸ್ಟಿನ್. ಇಲ್ಲಿ ಕೆಲಸ ಮಾಡುವುದು ಆ್ಯಂಪಿಸಿಲಿನ್ ಅಲ್ಲ, ಸಲ್ಬ್ಯಾಕ್ಟಮ್. ಬೇರೆ ಕಡೆ ಅದು ಬರೀ ಜೊತೆಗಾರ, ಅಸಿನೆಟೋಬ್ಯಾಕ್ಟರ್ ವಿಷಯದಲ್ಲಿ ಮಾತ್ರ ಅದೇ ನೇರವಾಗಿ ಕೊಲ್ಲುತ್ತದೆ. ಸಲ್ಬ್ಯಾಕ್ಟಮ್ ಅನ್ನು ರೋಗಾಣು ಮುರಿದುಹಾಕದಂತೆ ಡರ್ಲೊಬ್ಯಾಕ್ಟಮ್ ಜೊತೆ ಸೇರಿಸಿದ ಔಷಧಕ್ಕೆ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮ ಕೈಗೆ ಅದು ಸಿಗಲಿಲ್ಲ. ಕೊಲಿಸ್ಟಿನ್ ಶುರುವಾದ ಮೇಲೆ ದಿನಾ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ನೋಡುತ್ತಿದ್ದರು. ಮೊದಲು ನಿಧಾನಕ್ಕೆ ಏರಿತು, ಆಮೇಲೆ ಜೋರಾಗಿ. ಮೂತ್ರ ಕಮ್ಮಿಯಾಯಿತು. ಕೊಲಿಸ್ಟಿನ್ ತೆಗೆದು ಮಿನೊಸೈಕ್ಲಿನ್‌ಗೆ ಬದಲಾಯಿಸಿದೆವು. ಪ್ಲೇಟಿನ ಮೇಲಿದ್ದ ಆ ಒಂದೇ ವೃತ್ತ ಉಪಯೋಗಕ್ಕೆ ಬಂತು. ಜೊತೆಗೆ ಸರ್ಜನ್, ಆ್ಯಂಟಿಬಯೋಟಿಕ್ ಬೆರೆಸಿದ ಬೋನ್ ಸಿಮೆಂಟಿನ ಮಣಿಗಳನ್ನು ತಂತಿಗೆ ಪೋಣಿಸಿ ಗಾಯದೊಳಗೇ ಇಟ್ಟರು. ನರಕ್ಕೆ ಕೊಟ್ಟರೆ ಮನುಷ್ಯ ತಡೆದುಕೊಳ್ಳಲಾಗದಷ್ಟು ಔಷಧ ಆ ಜಾಗಕ್ಕೆ ಮಾತ್ರ ಸಿಗುತ್ತದೆ. ಮೇಲಿಂದ ಸ್ಪಂಜಿಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ, ಯಂತ್ರದಿಂದ ಎಳೆಯುವ ವ್ಯಾಕ್ ಡ್ರೆಸ್ಸಿಂಗ್.

ಅಷ್ಟರಲ್ಲಿ ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಕೊರೆಯುತ್ತಿತ್ತು. ಇದು ಬಂದದ್ದು ಎಲ್ಲಿಂದ?

ಹಳೇ ಕಾಗದಗಳನ್ನು ತರಿಸಿದೆ. ಮುಂಚೂಣಿ ಠಾಣೆಯಲ್ಲಿ ಯಾರೋ ಪುಣ್ಯಾತ್ಮರು ಗಾಯವಾದ ದಿನವೇ ಸ್ಯಾಂಪಲ್ ತೆಗೆದಿದ್ದರು. ಅದರಲ್ಲಿ ಇದ್ದದ್ದು ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್, ಜೊತೆಗೆ ಮಣ್ಣಿನ ಬ್ಯಾಸಿಲಸ್. ಎರಡೂ ಸಾಧಾರಣ ಔಷಧಕ್ಕೆ ಬಗ್ಗುವಂಥವು. ಅಸಿನೆಟೋಬ್ಯಾಕ್ಟರ್ ಸುದ್ದಿಯೇ ಇಲ್ಲ. ನಡುವಿನ ಆಸ್ಪತ್ರೆಯಲ್ಲಿ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ ಮಾಡಿರಲಿಲ್ಲ, ಅರ್ಟಾಪೆನೆಮ್‌ನಿಂದ ಮೆರೊಪೆನೆಮ್‌ಗೆ ಏರಿಸಿದ್ದರು ಅಷ್ಟೇ. ನಮ್ಮಲ್ಲಿ ದಾಖಲಾದ ದಿನವೇ ಕಂಕುಳು ಮತ್ತು ತೊಡೆಸಂದಿಯಿಂದ ಹತ್ತಿಕಡ್ಡಿಯಲ್ಲಿ ತೆಗೆದ ತಪಾಸಣೆ ಸ್ವಾಬ್‌ನಲ್ಲಿ ಅಸಿನೆಟೋಬ್ಯಾಕ್ಟರ್ ಇತ್ತು. ಅಂದರೆ ನಮ್ಮ ಬಾಗಿಲು ದಾಟುವ ಮೊದಲೇ ಅವನ ಮೈಮೇಲೆ ಹತ್ತಿತ್ತು, ಆದರೆ ಮೈನ್ ಸಿಡಿದ ಜಾಗದಲ್ಲಿ ಹತ್ತಿರಲಿಲ್ಲ. ನಡುವಿನ ದಾರಿಯಲ್ಲಿ ಸಿಕ್ಕಿದ್ದು.

ಇದು ಹೊಸ ಕತೆ ಏನಲ್ಲ. 2003ರ ನಂತರ ಇರಾಕ್‌ನಿಂದ ವಾಪಸ್ ಬಂದ ಅಮೆರಿಕದ ಗಾಯಾಳುಗಳಲ್ಲಿ ಅಸಿನೆಟೋಬ್ಯಾಕ್ಟರ್ ಎಷ್ಟು ಕಂಡಿತೆಂದರೆ ಜನ ಅದಕ್ಕೆ 'ಇರಾಕಿಬ್ಯಾಕ್ಟರ್' ಅಂತಲೇ ಹೆಸರಿಟ್ಟರು. 2002ರ ಜನವರಿಯಿಂದ 2004ರ ಆಗಸ್ಟ್‌ವರೆಗೆ ಅವರ ಸೇನಾ ಆಸ್ಪತ್ರೆಗಳಲ್ಲಿ 102 ರೋಗಿಗಳ ರಕ್ತದಲ್ಲೇ ಅದು ಸಿಕ್ಕಿತ್ತು. ಮರುಭೂಮಿಯ ಮಣ್ಣಿನದ್ದು ಅಂತ ಎಲ್ಲರೂ ಮೊದಲು ನಂಬಿದ್ದರು. ಹುಡುಕಿದಾಗ ಮಣ್ಣಿನಲ್ಲಿ, ಸೈನಿಕರ ಚರ್ಮದ ಮೇಲೆ ಹೆಚ್ಚೇನೂ ಸಿಗಲಿಲ್ಲ. ಬಾಗ್ದಾದ್‌ನಲ್ಲಿ ಗಾಯವಾದ ಕೂಡಲೇ ತೆಗೆದ ಸ್ಯಾಂಪಲ್‌ಗಳಲ್ಲೂ ಚರ್ಮದ ಸಾಧಾರಣ ರೋಗಾಣುಗಳೇ ಜಾಸ್ತಿ. ಅಸಿನೆಟೋಬ್ಯಾಕ್ಟರ್ ಸಿಕ್ಕಿದ್ದು ಯುದ್ಧಭೂಮಿಯ ಆಸ್ಪತ್ರೆಗಳ ಒಳಗೆ, ಆಪರೇಷನ್ ಥಿಯೇಟರ್‌ಗಳಲ್ಲಿ, ರೋಗಿಗಳ ಸುತ್ತಮುತ್ತ. ಒಣಗಿದ ಮೇಲ್ಮೈ ಮೇಲೂ ಅದು ವಾರಗಟ್ಟಲೆ ಬದುಕಿರುತ್ತದೆ. ಗಾಯಾಳುಗಳು ಒಂದರ ಹಿಂದೆ ಒಂದರಂತೆ ಬರುತ್ತಿರುವಾಗ ಸ್ಟ್ರೆಚರ್ ಒರೆಸಲು ಪುರುಸೊತ್ತು ಯಾರಿಗಿರುತ್ತದೆ?

ಔಷಧವೂ ಅದಕ್ಕೆ ದಾರಿ ಮಾಡಿಕೊಡುತ್ತದೆ. ಅಮೆರಿಕದ ಸೇನೆಯ ಪ್ರಥಮ ಚಿಕಿತ್ಸೆ ನಿಯಮದಲ್ಲಿ ಬಯಲಿನಲ್ಲೇ ಕೊಡುವುದು 400 ಮಿಲಿಗ್ರಾಂ ಮಾಕ್ಸಿಫ್ಲಾಕ್ಸಸಿನ್ ಮಾತ್ರೆ. ನುಂಗಲಾಗದವರಿಗೆ 1 ಗ್ರಾಂ ಅರ್ಟಾಪೆನೆಮ್ ಇಂಜೆಕ್ಷನ್. ಆಸ್ಪತ್ರೆ ದೂರ ಇದ್ದಾಗ ಅದು ಸರಿಯೇ, ಜೀವ ಉಳಿಸುತ್ತದೆ. ಆದರೆ ಅರ್ಟಾಪೆನೆಮ್ ಬೇರೆ ಎಷ್ಟೋ ರೋಗಾಣು ಕೊಲ್ಲುತ್ತದೆ, ಅಸಿನೆಟೋಬ್ಯಾಕ್ಟರ್ ಮತ್ತು ಸೂಡೊಮೊನಾಸ್ ಎರಡನ್ನೂ ಮುಟ್ಟುವುದಿಲ್ಲ. ಒಂದು ಡೋಸಿನಲ್ಲಿ ನಿಲ್ಲಿಸದೆ ದಿನಗಟ್ಟಲೆ ಮುಂದುವರಿಸಿದರೆ, ಪೈಪೋಟಿಗೆ ಯಾರೂ ಇಲ್ಲದ ಗಾಯವನ್ನು ಈ ಎರಡಕ್ಕೆ ಖಾಲಿ ಮಾಡಿಕೊಟ್ಟ ಹಾಗಾಗುತ್ತದೆ. ಇದಕ್ಕೇ ಯುದ್ಧ ಗಾಯಗಳ ಮಾರ್ಗಸೂಚಿಗಳು ಶುರುವಿನಲ್ಲಿ ಸೆಫಾಜೊಲಿನ್‌ನಂಥ ಸಾಧಾರಣ ಔಷಧ, ಅದೂ ಒಂದರಿಂದ ಮೂರು ದಿನ ಸಾಕು ಅನ್ನುವುದು. ಹೆದರಿಕೆಯಲ್ಲಿ ಇದನ್ನು ಪಾಲಿಸುವವರು ಕಮ್ಮಿ.

ಈಗ ಉಕ್ರೇನ್‌ನಲ್ಲಿ ಆಗುತ್ತಿರುವುದು ಇದಕ್ಕಿಂತ ಕೆಟ್ಟದ್ದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಅಲ್ಲಿನ ಡಾಕ್ಟರುಗಳ ಜೊತೆ ಸೇರಿ 141 ರೋಗಿಗಳ ಸ್ಯಾಂಪಲ್ ನೋಡಿ 2023ರಲ್ಲಿ ಪ್ರಕಟಿಸಿದರು. ಬಹುತೇಕರು ಯುದ್ಧದಲ್ಲಿ ಗಾಯಗೊಂಡವರು. ಕೆಲವರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಅನ್ನುವ ರೋಗಾಣು, ಪರೀಕ್ಷೆ ಮಾಡಿದ ಯಾವ ಔಷಧಕ್ಕೂ ಬಗ್ಗಲಿಲ್ಲ, ಕೊಲಿಸ್ಟಿನ್‌ಗೂ ಇಲ್ಲ. ಬಾಂಬ್ ಬೀಳುವ ಊರಿನಿಂದ ಗಾಯಾಳುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುವಾಗ ಪ್ರತಿ ಹಾಸಿಗೆಯಲ್ಲೂ ಏನಾದರೊಂದು ಜೊತೆಯಾಗುತ್ತದೆ.

ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನಮ್ಮ ವಾರ್ಡ್ ನೋಡಬೇಕಲ್ಲ. ಒಂದು ಡಬ್ಬಿಯಲ್ಲಿ ಬಂದ ಆ ಸೂಡೊಮೊನಾಸ್ ನನ್ನನ್ನು ಬಿಡಲಿಲ್ಲ. ಒದ್ದೆ ಗಾಜ್ ತುಂಡುಗಳನ್ನು ಹಿಡಿದು ಟೆಕ್ನೀಷಿಯನ್ ಹುಡುಗಿ ಜೊತೆ ವಾರ್ಡ್‌ಗೆ ಹೋದೆ. ಹಾಸಿಗೆಯ ಕಂಬಿ, ಮಾನಿಟರ್ ಗುಂಡಿ, ಬಿಪಿ ಪಟ್ಟಿ, ವ್ಯಾಕ್ ಯಂತ್ರದ ಹಿಡಿ, ಡ್ರೆಸ್ಸಿಂಗ್ ಟ್ರಾಲಿಯ ಚಕ್ರ, ಕೈ ತೊಳೆಯುವ ಸಿಂಕ್, ಎಲ್ಲ ಒರೆಸಿಕೊಂಡು ಬಂದೆವು. ಸಿಸ್ಟರ್‌ಗೆ ಮೊದಲು ಬೇಜಾರಾಯಿತು. "ನಾವು ಸರಿಯಾಗಿ ಕ್ಲೀನ್ ಮಾಡಲ್ಲ ಅಂತಾನಾ ಮೇಡಂ?" ಅಂದರು. ಹಾಗಲ್ಲ, ನಿಮ್ಮ ಕಣ್ಣಿಗೂ ಕಾಣದ್ದು ಎಲ್ಲಿದೆ ಅಂತ ಹುಡುಕುತ್ತಿದ್ದೇನೆ ಅಂದೆ. ಕಂಬಿ, ಮಾನಿಟರ್ ಎಲ್ಲ ಚೊಕ್ಕ ಬಂದವು. ಬಿಪಿ ಪಟ್ಟಿಯಲ್ಲಿ ಹುಡುಗನದ್ದೇ ಅಸಿನೆಟೋಬ್ಯಾಕ್ಟರ್ ಸಿಕ್ಕಿತು, ಅದು ಅವನ ಕೋಣೆಯದ್ದೇ ಪಟ್ಟಿ. ಸಿಂಕಿನ ತೂತಿನಲ್ಲಿ ಸೂಡೊಮೊನಾಸ್ ಇತ್ತು. ಎರಡು ಕಡೆಯದ್ದನ್ನೂ ದೊಡ್ಡ ಲ್ಯಾಬ್‌ಗೆ ಕಳಿಸಿ ಜೀನ್ ಓದಿಸಿದೆವು. ಡಬ್ಬಿಯದ್ದೂ ಸಿಂಕಿನದ್ದೂ ಒಂದೇ.

ಸಿಂಕಿನ ನಲ್ಲಿ ನೀರು ನೇರ ತೂತಿಗೇ ಬೀಳುತ್ತಿತ್ತು. ರಭಸಕ್ಕೆ ಹನಿ ಸಿಡಿಯುತ್ತಿದ್ದವು, ಪಕ್ಕದಲ್ಲೇ ಡ್ರೆಸ್ಸಿಂಗ್ ಟ್ರಾಲಿ ನಿಲ್ಲಿಸುತ್ತಿದ್ದರು. ಕೈ ತೊಳೆಯುವ ಜಾಗದಿಂದಲೇ ರೋಗಾಣು ಬರುತ್ತದೆ ಅಂದರೆ ನಂಬಲು ಕಷ್ಟ ಅಲ್ವಾ? ಪೈಪ್ ಬದಲಾಯಿಸಲು ಕಾಗದ ಬರೆದು ಬರೆದು ಸಾಕಾಯಿತು. ಟ್ರಾಲಿಯನ್ನು ದೂರಕ್ಕೆ ಸರಿಸುವುದು ಮಾತ್ರ ಆವತ್ತೇ ಆಯಿತು. ಮುಂದೆ ಕಳಿಸಿದ ಮಾಂಸದ ಚೂರುಗಳಲ್ಲಿ ಸೂಡೊಮೊನಾಸ್ ಮತ್ತೆ ಬರಲಿಲ್ಲ. ಅದಕ್ಕೆ ಔಷಧ ಕೊಟ್ಟೇ ಇರಲಿಲ್ಲ.

ಹುಡುಗನನ್ನು ನಾನು ಕಂಡದ್ದು ವಾರ್ಡಿನ ಆ ಸ್ಯಾಂಪಲ್ ತೆಗೆಯುವಾಗಲೇ. ಬೇರೆ ಕೋಣೆ, ಬಾಗಿಲ ಮೇಲೆ ಬೋರ್ಡ್, ಒಳಗೆ ಹೋಗುವವರೆಲ್ಲ ಗೌನ್ ಗ್ಲೌಸ್ ಹಾಕಬೇಕು. ಅವನಿಗೆ ಕಾಲಿನ ನೋವಿಗಿಂತ ಅದೇ ಜಾಸ್ತಿ ಹಿಂಸೆ. "ನನ್ನ ಮುಟ್ಟೋಕೆ ಎಲ್ಲರಿಗೂ ಭಯ ಮೇಡಂ" ಅಂದ.

"ಭಯ ನಿನ್ನ ಬಗ್ಗೆ ಅಲ್ಲಪ್ಪ. ಪಕ್ಕದ ವಾರ್ಡ್‌ನಲ್ಲಿ ಸುಟ್ಟ ಗಾಯದವರಿದ್ದಾರೆ. ನಮ್ಮ ಕೈಯಲ್ಲಿ ಇದು ಅಲ್ಲಿಗೆ ಹೋಗಬಾರದು ಅಂತ."

"ಅಲ್ಲಿನ ಮಣ್ಣಿಂದ ಬಂತಾ ಇದು?"

ಇಲ್ಲ, ಆಸ್ಪತ್ರೆಯಿಂದ ಬಂದದ್ದು ಅಂದೆ. ಮರೆಮಾಚಿ ಏನು ಪ್ರಯೋಜನ? ಅವನು ಕಾಲಿನ ಚೌಕಟ್ಟು ನೋಡುತ್ತಾ, "ಹಾಗಾದ್ರೆ ಮೈನ್ ಕಾಲನ್ನ ಬಿಟ್ಟಿತ್ತು ಅನ್ನಿ" ಅಂದ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಕಿಡ್ನಿ ಯಾವಾಗ ಸರಿಯಾಗುತ್ತದೆ ಅಂತಲೂ ಕೇಳಿದ. ಔಷಧ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ ಅಂದೆ. ಅವನ ವಿಷಯದಲ್ಲಿ ಹಾಗೇ ಆಯಿತು, ನಿಧಾನವಾಗಿ.

ಕೆಲವು ವಾರ ಹೀಗೇ ನಡೆಯಿತು. ಸರ್ಜನ್ ಗಾಯ ಬಿಚ್ಚುವುದು, ಕತ್ತರಿಸುವುದು, ಚೂರು ಕಳಿಸುವುದು. ನಾವು ಪ್ಲೇಟ್ ಹಾಕುವುದು. ಎಲ್ಲ ಡಬ್ಬಿಯಲ್ಲಿ ಬರುತ್ತಿದ್ದದ್ದು ಒಂದೆರಡು ಡಬ್ಬಿಗೆ ಇಳಿಯಿತು. ಆಮೇಲೆ ಮಾಂಸದಲ್ಲಿ ಇಲ್ಲ, ಮೂಳೆಯಲ್ಲಿ ಮಾತ್ರ. ಅಸಿನೆಟೋಬ್ಯಾಕ್ಟರ್ ಹಿಡಿದಿದ್ದ ಮೂಳೆಯ ತುಂಡನ್ನು ತೆಗೆದ ಮೇಲೆ ಅಲ್ಲೂ ಇಲ್ಲ. ನಾವು ಪ್ಲೇಟುಗಳನ್ನು ಬೇಗ ಎಸೆಯದೆ ಜಾಸ್ತಿ ದಿನ ಇಟ್ಟು ನೋಡಿದೆವು. ಏನೂ ಬೆಳೆಯಲಿಲ್ಲ. ಕಾಲು ಉಳಿಯಿತು, ಆದರೆ ನಡುವೆ ಮೂಳೆಯಿಲ್ಲದ ಖಾಲಿ ಜಾಗ. ಅದನ್ನು ತುಂಬುವುದು, ಬೇರೆ ಕಡೆಯಿಂದ ಮಾಂಸ ತಂದು ಮುಚ್ಚುವುದು ನಮ್ಮಲ್ಲಿ ಆಗುವ ಕೆಲಸವಲ್ಲ. ಇನ್ನೊಂದು ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು.

ಕಳಿಸುವ ಮೊದಲು ತೆಗೆದ ತಪಾಸಣೆ ಸ್ವಾಬ್‌ನಲ್ಲಿ ತೊಡೆಸಂದಿಯಲ್ಲಿ ಅಸಿನೆಟೋಬ್ಯಾಕ್ಟರ್ ಇನ್ನೂ ಇತ್ತು. ಗಾಯ ಚೊಕ್ಕ, ಚರ್ಮದ ಮೇಲೆ ಮಾತ್ರ ಕೂತಿದೆ. ಅವನಿಗೆ ಅದರಿಂದ ಸದ್ಯಕ್ಕೆ ತೊಂದರೆ ಇಲ್ಲ. ಔಷಧ ಕೊಟ್ಟು ಅದನ್ನು ಓಡಿಸಲು ಹೋಗಬಾರದು, ಹೋದರೆ ಮಿನೊಸೈಕ್ಲಿನ್ ಕೂಡ ಕೈಬಿಟ್ಟು ಹೋಗುತ್ತದೆ. ಆದರೆ ಹೊಸ ಆಸ್ಪತ್ರೆಯಲ್ಲಿ ಅವನ ಪಕ್ಕದ ಹಾಸಿಗೆಯವರಿಗೆ ಅದು ದೊಡ್ಡ ವಿಷಯ. ಡಿಸ್ಚಾರ್ಜ್ ಕಾಗದದಲ್ಲಿ ಇದು ಸಾಮಾನ್ಯವಾಗಿ ಕೊನೇ ಪುಟದಲ್ಲಿ, ಔಷಧಗಳ ಪಟ್ಟಿಯ ಕೆಳಗೆ ಹೋಗಿ ಬೀಳುತ್ತದೆ. ಯಾರೂ ಓದುವುದಿಲ್ಲ. ಅವನ ಹಿಂದಿನ ಆಸ್ಪತ್ರೆಯ ಕಾಗದದಲ್ಲಂತೂ ಇರಲೇ ಇಲ್ಲ. ಹಾಗಾಗಿ ಮೊದಲ ಪುಟದ ನೆತ್ತಿಯಲ್ಲಿ, ಹೆಸರಿನ ಕೆಳಗೇ, ಕೆಂಪು ಶಾಯಿಯಲ್ಲಿ ಬರೆಸಿದೆ: ಯಾವ ರೋಗಾಣು, ಯಾವುದಕ್ಕೆ ಬಗ್ಗುತ್ತದೆ, ಯಾವುದಕ್ಕೆ ಇಲ್ಲ, ಕೊಲಿಸ್ಟಿನ್‌ಗೆ ಕಿಡ್ನಿ ತಡೆಯಲಿಲ್ಲ, ಬೇರೆ ಕೋಣೆ ಬೇಕು. ಅಲ್ಲಿನ ಲ್ಯಾಬ್‌ಗೆ ಫೋನ್ ಮಾಡಿಯೂ ಹೇಳಿದೆ.

ಅಲ್ಲಿನ ಮೈಕ್ರೋಬಯಾಲಜಿಸ್ಟ್ ಹೋಲಿಸಿ ನೋಡಲು ಆ ರೋಗಾಣುವನ್ನೇ ಕೇಳಿದರು. ಮುಚ್ಚಳ ಬಿಗಿದ ಟ್ಯೂಬಿನಲ್ಲಿ, ನಿಯಮದ ಪ್ರಕಾರ ಮೂರು ಪದರ ಪ್ಯಾಕ್ ಮಾಡಿ ಕಳಿಸಿಕೊಟ್ಟೆವು. ಹುಡುಗ ಅಲ್ಲಿ ಸೇರಿದ ಮೇಲೆ ಅವರೇ ಫೋನ್ ಮಾಡಿದರು. ಚರ್ಮದ ಸ್ವಾಬ್ ಪಾಸಿಟಿವ್, ನಮ್ಮದೇ ತಳಿ. ಮೂಳೆಯ ಚೂರುಗಳಲ್ಲಿ ಏನೂ ಬೆಳೆದಿಲ್ಲ. ಮಾಂಸ ತಂದು ಮುಚ್ಚುವ ಆಪರೇಷನ್ನಿಗೆ ಪಟ್ಟಿಯಲ್ಲಿ ಕೊನೇ ಕೇಸ್ ಅವನದ್ದು ಮಾಡಿದ್ದಾರೆ, ಥಿಯೇಟರ್ ತೊಳೆಯಲು ಆಮೇಲೆ ಸಮಯ ಸಿಗಲಿ ಅಂತ.